ಬಟ್ಟೆ ಮೆದುವಾಗಿಸುವ ದ್ರವ: ಮಾಡುವುದು ಹೇಗೆ, ಹಾಕುವುದು ಎಷ್ಟು

ಫ್ಯಾಬ್ರಿಕ್ ಸಾಫ್ಟನರ್ ಬಟ್ಟೆಯನ್ನು ತೊಳೆಯುವುದಿಲ್ಲ. ಕೊಳೆ ತೆಗೆಯುವುದು ಅದರ ಕೆಲಸವೇ ಅಲ್ಲ. ಒಗೆದು ಶುಚಿಯಾದ ಬಟ್ಟೆಯ ಎಳೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಕೊಬ್ಬಿನ ಲೇಪ ಬಳಿಯುವುದಷ್ಟೇ ಅದಕ್ಕೆ ಗೊತ್ತು. ಈ ಒಂದು ಮಾತು ತಲೆಯಲ್ಲಿದ್ದರೆ ಅದನ್ನು ಯಾವಾಗ ಹಾಕಬೇಕು, ಎಷ್ಟು ಹಾಕಬೇಕು, ಯಾವ ಬಟ್ಟೆಯ ಹತ್ತಿರವೂ ಸುಳಿಯಗೊಡಬಾರದು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ.

ರಸಾಯನಶಾಸ್ತ್ರ ಓದಿದ ನಾನು ಪೀಣ್ಯದಲ್ಲಿ ಸಣ್ಣದೊಂದು ಘಟಕ ನಡೆಸುತ್ತೇನೆ. ನೆಲ ಒರೆಸುವ ದ್ರವ, ಪಾತ್ರೆ ತೊಳೆಯುವ ದ್ರವ, ಬಟ್ಟೆ ಒಗೆಯುವ ದ್ರವ, ಸಾಫ್ಟನರ್ ಎಲ್ಲವೂ ಕ್ಯಾನುಗಳಲ್ಲಿ ತುಂಬಿ ಲಾಂಡ್ರಿಗಳಿಗೆ, ಹಾಸ್ಟೆಲುಗಳಿಗೆ, ಸಣ್ಣ ಹೋಟೆಲುಗಳಿಗೆ ಹೋಗುತ್ತವೆ. ಬೇರೆ ಯಾವ ಸರಕಿನ ಬಗ್ಗೆಯೂ ಕೇಳದಷ್ಟು ಪ್ರಶ್ನೆಗಳನ್ನು ಸಾಫ್ಟನರ್ ಬಗ್ಗೆ ಜನ ಕೇಳುತ್ತಾರೆ. ಮನೆಯಲ್ಲೇ ಮಾಡಿಕೊಳ್ಳಬಹುದೇ ಎಂದು ಕೇಳುವವರು ಕೆಲವರಾದರೆ, ಕೊಂಡದ್ದನ್ನು ಹೇಗೆ ಬಳಸುವುದು ಎಂದು ಕೇಳುವವರು ಹಲವರು. ಇಬ್ಬರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಒಣಗಿದ ಬಟ್ಟೆ ಏಕೆ ಸೆಟೆದುಕೊಳ್ಳುತ್ತದೆ

ಮೊದಲು ರೋಗ, ಆಮೇಲೆ ಮದ್ದು. ಹೊಸ ಟವೆಲ್ ಅಂಗಡಿಯಲ್ಲಿ ಮೆತ್ತಗಿರುತ್ತದೆ, ನಾಲ್ಕಾರು ಒಗೆತದ ನಂತರ ಹಗ್ಗದ ಮೇಲೆ ಒಣಗಿದಾಗ ಹಲಗೆಯಾಗಿಬಿಡುತ್ತದೆ. ಮೆತ್ತಗಿದ್ದದ್ದರಲ್ಲಿ ಒಂದು ಪಾಲು ಕಾರ್ಖಾನೆಯವರೇ ಹಾಕಿದ ಸಾಫ್ಟನರ್‌ನದು, ಅದು ಒಗೆತದಲ್ಲಿ ಹೋಗುತ್ತದೆ. ಸೆಟೆಯುವುದಕ್ಕೆ ಮಾತ್ರ ಬೇರೆ ಕಾರಣಗಳಿವೆ.

ಒಂದು, ನೀರು. ಬೆಂಗಳೂರಿನ ಬಹುತೇಕ ಬಡಾವಣೆಗಳಲ್ಲಿ, ಬಯಲುಸೀಮೆಯ ಬಹಳಷ್ಟು ಊರುಗಳಲ್ಲಿ ಬಟ್ಟೆ ಒಗೆಯುವುದು ಬೋರ್‌ವೆಲ್ ನೀರಿನಲ್ಲಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೇರಳ. ಒಗೆಯುವ ಪುಡಿಯಲ್ಲಿರುವ ಸೋಡಾದ ಜೊತೆ ಸೇರಿ ಅವು ಸುಣ್ಣದ ಸಣ್ಣ ಕಣಗಳಾಗಿ ಎಳೆಗಳ ನಡುವೆ ಕೂರುತ್ತವೆ. ಬಾರ್ ಸೋಪು ಬಳಸುವವರ ಮನೆಯಲ್ಲಿ ಸೋಪಿನ ಜಿಡ್ಡೂ ಸೇರಿಕೊಳ್ಳುತ್ತದೆ. ಎರಡು, ಸರಿಯಾಗಿ ಜಾಲಿಸದೆ ಉಳಿದ ಪುಡಿ. ನೀರಿನ ಅಭಾವದ ಊರಿನಲ್ಲಿ ಜಾಲಿಸುವುದಕ್ಕೆ ಎರಡನೇ ಬಕೆಟ್ ಸಿಗುವುದೇ ಹೆಚ್ಚು. ಇದಕ್ಕೆ ಯಾರನ್ನೂ ದೂರುವಂತಿಲ್ಲ.

ಮೂರನೆಯ ಕಾರಣ ಬಹಳ ಜನಕ್ಕೆ ಹೊಸದು. ಖನಿಜವೇ ಇಲ್ಲದ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಹಾಕಿದರೂ ಹತ್ತಿ ಬಟ್ಟೆ ಸೆಟೆದುಕೊಳ್ಳುತ್ತದೆ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯ ಮತ್ತು ಕಾವೊ ಕಂಪನಿಯ ಸಂಶೋಧಕರು 2020ರಲ್ಲಿ ಇದರ ಬೆನ್ನು ಹತ್ತಿ ಪ್ರಕಟಿಸಿದ ಉತ್ತರ ಇಷ್ಟು: ಒಣಗಿದಂತೆ ಕಾಣುವ ಹತ್ತಿಯ ಮೇಲ್ಮೈಯಲ್ಲಿ ಸ್ವಲ್ಪ ನೀರು ಅಂಟಿಕೊಂಡೇ ಉಳಿದಿರುತ್ತದೆ, ಅದು ಮಾಮೂಲಿ ನೀರಿನ ಸ್ವಭಾವ ಬಿಟ್ಟು ಅಕ್ಕಪಕ್ಕದ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಸೆಟೆದ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಒದರಿ, ಉಜ್ಜಿ ನೋಡಿ. ಅರ್ಧ ಬಿರುಸು ಅಲ್ಲೇ ಇಳಿಯುತ್ತದೆ. ನೀವು ಮುರಿದದ್ದು ಆ ಬೆಸುಗೆಗಳನ್ನು. ಗಾಳಿಗೆ ಪಟಪಟ ಹೊಡೆದುಕೊಂಡು ಒಣಗಿದ ಬಟ್ಟೆ ಕೋಣೆಯೊಳಗೆ ಅಲುಗಾಡದೆ ಒಣಗಿದ್ದಕ್ಕಿಂತ ಮೆತ್ತಗಿರುವುದೂ ಇದೇ ಕಾರಣಕ್ಕೆ. ಹಾಗಾಗಿ ಪುಕ್ಕಟೆ ಸಾಫ್ಟನರ್ ಬೇಕೆಂದರೆ ಒಣಹಾಕುವ ಮುಂಚೆ ಒಮ್ಮೆ, ತೆಗೆಯುವಾಗ ಒಮ್ಮೆ ಜೋರಾಗಿ ಒದರಿ. ನನ್ನ ಸರಕು ಮಾರುವ ನಾನೇ ಇದನ್ನು ಹೇಳುತ್ತಿದ್ದೇನೆ.

ಲೇಪ ಕೂರುವ ಬಗೆ

ಸಾಫ್ಟನರ್‌ನ ಜೀವಾಳ ಕ್ವಾಟ್ ಎಂಬ ಜಾತಿಯ ಅಣು. ನಡುವೆ ಒಂದು ಸಾರಜನಕದ ಪರಮಾಣು, ಅದಕ್ಕೆ ನಾಲ್ಕು ಕೈ. ಅವುಗಳಲ್ಲಿ ಸಾಮಾನ್ಯವಾಗಿ ಎರಡು ಕೈಗಳಿಗೆ 16ರಿಂದ 18 ಇಂಗಾಲಗಳ ಉದ್ದನೆಯ ಕೊಬ್ಬಿನ ಸರಪಳಿ. ನಾಲ್ಕೂ ಕೈ ತುಂಬಿರುವುದರಿಂದ ಸಾರಜನಕದ ಮೇಲೆ ಧನ ಆವೇಶ ಕಾಯಮ್ಮಾಗಿ ಉಳಿಯುತ್ತದೆ. ನೀರಿನಲ್ಲಿ ನೆನೆದ ಹತ್ತಿಯ ಮೇಲ್ಮೈಗೋ ಸ್ವಲ್ಪ ಋಣ ಆವೇಶವಿರುತ್ತದೆ. ಕೊಬ್ಬಿನ ಸರಪಳಿಗೆ ನೀರೆಂದರೆ ಆಗದು, ಧನ ಆವೇಶದ ಸಾರಜನಕದ ತಲೆಗೆ ಬಟ್ಟೆಯ ಸೆಳೆತ. ಇವೆರಡೂ ಸೇರಿ ಅಣುವನ್ನು ನೀರಿನಿಂದ ಹೊರದೂಡಿ ಬಟ್ಟೆಗೆ ಅಂಟಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಬಕೆಟ್ಟಿನ ಹಾಲುಬಣ್ಣದ ನೀರು ತಿಳಿಯಾಗುತ್ತಾ ಬರುವುದನ್ನು ಗಮನಿಸಿದರೆ ಅದು ಬಟ್ಟೆಗೆ ಹೋಗಿ ಕೂತದ್ದು ಗೊತ್ತಾಗುತ್ತದೆ.

ಹೀಗೆ ಕೂತಮೇಲೆ ಎಳೆ ಎಳೆಯ ನಡುವೆ ಕೊಬ್ಬು ಬಂತು. ಉಜ್ಜಾಟ ಕಡಿಮೆ, ನೀರಿನ ಬೆಸುಗೆಗೂ ಎಡೆ ಕಡಿಮೆ. ಬಟ್ಟೆ ಮಡಿಸಿದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಇಸ್ತ್ರಿಪೆಟ್ಟಿಗೆಯೂ ಜಾರುತ್ತದೆ. ಪಾಲಿಯೆಸ್ಟರ್ ಸೀರೆ ಕಾಲಿಗೆ ಅಂಟಿಕೊಂಡು ಚಟಚಟ ಎನ್ನುವುದೂ ನಿಲ್ಲುತ್ತದೆ. ಏಕೆಂದರೆ ಆವೇಶವುಳ್ಳ ಆ ಪದರ ಗಾಳಿಯ ತೇವ ಹಿಡಿದುಕೊಂಡು ಸ್ಥಾಯಿ ವಿದ್ಯುತ್ತನ್ನು ಸೋರಿಸಿಬಿಡುತ್ತದೆ. ತಲೆಗೂದಲಿಗೆ ಹಾಕುವ ಕಂಡಿಷನರ್ ಕೂಡ ಇದೇ ಕುಲದ್ದು, ಕೂದಲಿಗೂ ಋಣ ಆವೇಶವೇ ಇರುವುದರಿಂದ.

ಇಲ್ಲೊಂದು ವೈರತ್ವವಿದೆ, ಅದನ್ನು ಕಣ್ಣಾರೆ ನೋಡಬೇಕು. ಒಗೆಯುವ ಪುಡಿ, ದ್ರವಗಳಲ್ಲಿ ಮುಖ್ಯವಾಗಿ ಇರುವುದು ಋಣ ಆವೇಶದ ಸಾಬೂನು ವಸ್ತು. ನಮ್ಮ ಮಾರುಕಟ್ಟೆಯಲ್ಲಿ ಆಸಿಡ್ ಸ್ಲರಿ ಎನ್ನುತ್ತಾರಲ್ಲ, ಅದರಿಂದ ಆಗುವುದು. ಒಂದು ಗಾಜಿನ ಲೋಟದಲ್ಲಿ ಪುಡಿ ಕರಗಿಸಿದ ನೀರು ತೆಗೆದುಕೊಳ್ಳಿ, ಅದಕ್ಕೆ ಒಂದು ಚಮಚ ಸಾಫ್ಟನರ್ ಸುರಿಯಿರಿ. ನೊರೆ ಕುಸಿಯುತ್ತದೆ, ಬಿಳಿ ತುಣುಕುಗಳು ಎದ್ದು ತೇಲುತ್ತವೆ. ಧನ ಋಣ ಎರಡೂ ಕೂಡಿ ಎರಡೂ ಕೆಟ್ಟವು. ಪುಡಿಯ ಜೊತೆಗೇ ಸಾಫ್ಟನರ್ ಹಾಕುವವರು ಎರಡರ ದುಡ್ಡನ್ನೂ ಮೋರಿಗೆ ಬಿಡುತ್ತಿದ್ದಾರೆ, ಜೊತೆಗೆ ಆ ತುಣುಕುಗಳನ್ನು ಕಪ್ಪು ಪ್ಯಾಂಟಿನ ಮೇಲೆ ಅಂಟಿಸಿಕೊಳ್ಳುತ್ತಿದ್ದಾರೆ. ಸಾಫ್ಟನರ್ ಕೊನೆಯ ಜಾಲಿಕೆಗೆ ಮಾತ್ರ ಎಂದು ಬಾಟಲಿಯ ಮೇಲೆ ಬರೆದಿರುವುದು ಈ ಕಾರಣಕ್ಕೆ.

ಲೇಪ ನಿಜವಾಗಿ ಕೂತಿದೆಯೇ ಎಂದು ತಿಳಿಯಲು ನಾವು ಬ್ರೋಮೋಫಿನಾಲ್ ಬ್ಲೂ ಎಂಬ ಬಣ್ಣ ಬಳಸುತ್ತೇವೆ. ಬಿಳಿ ಹತ್ತಿ ಬಟ್ಟೆಯ ತುಂಡಿನ ಅರ್ಧ ಭಾಗವನ್ನಷ್ಟೇ ಸಾಫ್ಟನರ್ ನೀರಿನಲ್ಲಿ ಅದ್ದಿ ಒಣಗಿಸಿ, ಇಡೀ ತುಂಡನ್ನು ಆ ಬಣ್ಣದ ತೆಳು ದ್ರಾವಣದಲ್ಲಿ ಮುಳುಗಿಸಿ ತೊಳೆದರೆ, ಅದ್ದಿದ ಅರ್ಧ ನೀಲಿಯಾಗಿಯೇ ಉಳಿಯುತ್ತದೆ, ಅದ್ದದ ಅರ್ಧದಿಂದ ಬಣ್ಣ ತೊಳೆದುಹೋಗುತ್ತದೆ. ಗೆರೆ ಎಳೆದಂತೆ ಎರಡೂ ಬೇರೆಯಾಗಿ ಕಾಣುತ್ತವೆ. ನೀಲಿ ಎಲ್ಲ ಕಡೆ ಒಂದೇ ಸಮ ಇದ್ದರೆ ಸರಕು ಚೆನ್ನಾಗಿ ಹರಡಿದೆ ಎಂದರ್ಥ, ಮಚ್ಚೆ ಮಚ್ಚೆಯಾಗಿದ್ದರೆ ಅದರಲ್ಲಿ ಗಂಟುಗಳು ಉಳಿದಿವೆ.

ಮೂಲವಸ್ತು ಎಲ್ಲಿಂದ ಬರುತ್ತದೆ

ಬಟ್ಟೆ ಗಿರಣಿಗಳು ಕಳೆದ ಶತಮಾನದ ಆರಂಭದಲ್ಲಿ ಬಣ್ಣ ಹಾಕಿದ ಮೇಲೆ ಬಿರುಸಾದ ಹತ್ತಿಯನ್ನು ಮೆದು ಮಾಡಲು ಸೋಪು ಮತ್ತು ಎಣ್ಣೆಗಳನ್ನು ನೀರಿನಲ್ಲಿ ಕದಡಿ ಬಳಸುತ್ತಿದ್ದವು. ಎರಡನೇ ಮಹಾಯುದ್ಧದ ನಂತರ ಕ್ವಾಟ್‌ಗಳು ಬಂದವು. ಪ್ರಾಣಿಕೊಬ್ಬಿನಿಂದ ಮಾಡಿದ, ಎರಡು ಉದ್ದ ಸರಪಳಿಯ, ಡಿಎಚ್‌ಟಿಡಿಎಂಎಸಿ ಎಂಬ ಉದ್ದ ಹೆಸರಿನ ಕ್ವಾಟ್ ಮನೆಮನೆಯ ಸಾಫ್ಟನರ್ ಆಗಿ ದಶಕಗಳ ಕಾಲ ಆಳಿತು. ಮೆದು ಮಾಡುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಆದರೆ ಅದು ನದಿಗೆ ಸೇರಿದ ಮೇಲೆ ಬೇಗ ಕೊಳೆಯುತ್ತಿರಲಿಲ್ಲ. 1990ರ ದಶಕದ ಆರಂಭದಲ್ಲಿ ಯುರೋಪಿನ ತಯಾರಕರು ಅದನ್ನು ಕೈಬಿಟ್ಟು ಎಸ್ಟರ್‌ಕ್ವಾಟ್‌ಗೆ ಹೋದರು. ಇದರಲ್ಲಿ ಕೊಬ್ಬಿನ ಸರಪಳಿಗೂ ಸಾರಜನಕಕ್ಕೂ ನಡುವೆ ಎಸ್ಟರ್ ಎಂಬ ದುರ್ಬಲ ಕೊಂಡಿ ಇದೆ. ಚರಂಡಿ ಸೇರಿದಾಗ ಕೊಂಡಿ ಮುರಿದು, ಉಳಿದದ್ದನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ನದಿಗೆ ಒಳ್ಳೆಯದಾದ ಈ ಕೊಂಡಿಯೇ ತಯಾರಕರಿಗೆ ತಲೆನೋವು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ದೊಡ್ಡ ಕಾರ್ಖಾನೆಯಲ್ಲಿ ಎಸ್ಟರ್‌ಕ್ವಾಟ್ ಎರಡು ಹಂತದಲ್ಲಿ ಆಗುತ್ತದೆ. ಮೊದಲು ಕೊಬ್ಬಿನಾಮ್ಲವನ್ನು ಟ್ರೈಎಥನಾಲಮೀನ್ ಎಂಬ ಅಮೀನಿನ (ಸಾರಜನಕವಿರುವ ವಸ್ತು) ಜೊತೆ ಸುಮಾರು 160ರಿಂದ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ಹೊರಬರುವ ನೀರನ್ನು ಎಳೆದು ತೆಗೆಯುತ್ತಾ ಹೋದರೆ ಕ್ರಿಯೆ ಮುಂದುವರಿಯುತ್ತದೆ. ಎಷ್ಟು ಆಮ್ಲ ಉಳಿದಿದೆ ಎಂಬುದನ್ನು ಆಗಾಗ ಮಾದರಿ ತೆಗೆದು ನೋಡಿ, ಸಾಕಷ್ಟು ಇಳಿದ ಮೇಲೆ ತಣಿಸುತ್ತಾರೆ. ಎರಡನೇ ಹಂತದಲ್ಲಿ ಡೈಮಿಥೈಲ್ ಸಲ್ಫೇಟ್ ಸೇರಿಸಿ ಸಾರಜನಕದ ನಾಲ್ಕನೇ ಕೈ ತುಂಬಿಸುತ್ತಾರೆ. ಕೊನೆಗೆ ಸುಮಾರು ಹತ್ತನೇ ಒಂದು ಭಾಗ ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ, ಬಿಸಿಯಲ್ಲಿ ಹರಿಯುವ, ತಣ್ಣಗಾದರೆ ಗಟ್ಟಿಯಾಗುವ ತಿಳಿಹಳದಿ ಮುದ್ದೆ ಡ್ರಮ್ಮಿಗೆ ಬೀಳುತ್ತದೆ.

ಈ ಎರಡನೇ ಹಂತದ ಹತ್ತಿರ ಯಾರೂ ಹೋಗಬೇಡಿ. ಡೈಮಿಥೈಲ್ ಸಲ್ಫೇಟಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಅದರ ಆವಿ ಶ್ವಾಸಕೋಶವನ್ನು ಸುಡುತ್ತದೆ, ಸುಟ್ಟದ್ದು ಕೆಲವು ಗಂಟೆಗಳ ನಂತರವೇ ಗೊತ್ತಾಗುವುದೂ ಉಂಟು. ಕ್ಯಾನ್ಸರ್ ತರಬಲ್ಲ ವಸ್ತುವೆಂದೂ ಅದನ್ನು ವರ್ಗೀಕರಿಸಿದ್ದಾರೆ. ನನ್ನಂಥ ಘಟಕದವರು ಎಸ್ಟರ್‌ಕ್ವಾಟನ್ನು ಕೊಂಡು ತಂದು ನೀರಿನಲ್ಲಿ ಹರಡುತ್ತೇವೆ, ಅಷ್ಟೇ. ನೀವೂ ಅಲ್ಲಿಂದಲೇ ಶುರು ಮಾಡಬೇಕು.

ಕೊಬ್ಬು ಎಂದಕೂಡಲೇ ಕೇಳುವ ಪ್ರಶ್ನೆ: ಮಡಿ ಬಟ್ಟೆಗೆ ಹಾಕಬಹುದೇ? ಪಾಶ್ಚಾತ್ಯ ದೇಶಗಳಲ್ಲಿ ಈ ಕೊಬ್ಬಿನಾಮ್ಲ ಬಹುಕಾಲ ದನದ ಕೊಬ್ಬಿನಿಂದ ಬರುತ್ತಿತ್ತು. ತಾಳೆಎಣ್ಣೆಯಿಂದ ಮಾಡಿದ್ದೂ ಧಾರಾಳವಾಗಿ ಸಿಗುತ್ತದೆ. ನಿಮಗೆ ಇದು ಮುಖ್ಯವಾದರೆ ಮಾರುವವರ ಬಾಯಿಮಾತು ನಂಬದೆ, ಸಸ್ಯಮೂಲದ್ದೆಂದು ಲಿಖಿತವಾಗಿ ಕೇಳಿ ಪಡೆಯಿರಿ. ವಿದೇಶದಿಂದ ನೆಂಟರು ತಂದುಕೊಟ್ಟ ಬಾಟಲಿಯ ಬಗ್ಗೆ ನಾನೇನೂ ಹೇಳಲಾರೆ.

ಕೆಮಿಕಲ್ ಅಂಗಡಿಯಲ್ಲಿ ಸಾಫ್ಟನರ್ ಫ್ಲೇಕ್ಸ್ ಎಂದು ಬಿಳಿ ಚಕ್ಕೆಗಳನ್ನೂ ಮಾರುತ್ತಾರೆ. ಅದು ತಿರುಪ್ಪೂರಿನಂಥ ಕಡೆ ಬನಿಯನ್ ಬಟ್ಟೆಗೆ ಕೊನೆಯ ಹದ ಕೊಡಲು ಬಳಸುವ ಸರಕು. ಸ್ಟಿಯರಿಕ್ ಆಮ್ಲವನ್ನು ಬೇರೆ ಅಮೀನುಗಳ ಜೊತೆ ಕಾಯಿಸಿ ಮಾಡಿದ್ದು. ಅಗ್ಗ, ಬಿಸಿನೀರಿಗೆ ಸುಲಭವಾಗಿ ಕದಡುತ್ತದೆ, ಕೈಗೆ ಮೆದುವಾಗಿಯೂ ಇರುತ್ತದೆ. ಆದರೆ ಬಿಸಿಗೆ ಬಿಳಿ ಬಟ್ಟೆಯನ್ನು ಹಳದಿಗೆ ತಿರುಗಿಸುವ ಚಾಳಿ ಅದಕ್ಕಿದೆ. ಬಿಳಿ ಅಂಗಿಗಳೇ ಜಾಸ್ತಿ ಇರುವ ಲಾಂಡ್ರಿಗೆ ನಾನು ಅದನ್ನು ಕೊಡುವುದಿಲ್ಲ.

ಹತ್ತು ಕಿಲೋ ಮಾಡುವುದು

ಬೇಕಾದದ್ದು: 90 ಶೇಕಡ ಸತ್ವದ ಎಸ್ಟರ್‌ಕ್ವಾಟ್ 550 ಗ್ರಾಂ, ಆರ್‌ಒ ನೀರು 9.3 ಕಿಲೋ, ಸಿಟ್ರಿಕ್ ಆಮ್ಲ ಹತ್ತು ಗ್ರಾಮಿನಷ್ಟು ಕೈಯಲ್ಲಿಟ್ಟುಕೊಳ್ಳಿ, ಕ್ಯಾಲ್ಸಿಯಂ ಕ್ಲೋರೈಡ್ 5 ಗ್ರಾಂ, ಸಾಫ್ಟನರ್‌ಗೆಂದೇ ತಯಾರಿಸಿದ ಸುಗಂಧ 40 ಗ್ರಾಂ, ಕೆಡದಂತೆ ಕಾಯುವ ಸಂರಕ್ಷಕ ಅದರ ಚೀಟಿ ಹೇಳಿದಷ್ಟು, ಬಣ್ಣ ಬೇಕೆನಿಸಿದರೆ ಚಿಟಿಕೆ. ಲೆಕ್ಕ ಹಾಕಿದರೆ 5 ಶೇಕಡ ಸತ್ವದ ಸಾಫ್ಟನರ್ ಆಗುತ್ತದೆ. ಸಾಮಾನ್ಯ ದರ್ಜೆಯ ಸಾಫ್ಟನರ್‌ಗಳ ಸತ್ವವೂ ಈ ಆಸುಪಾಸಿನದೇ. ದ್ರವದ ಹುಳಿ ಎಷ್ಟೆಂದು ತೋರಿಸುವ ಪಿಎಚ್ ಪಟ್ಟಿಗಳು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು), ತಾಪಮಾಪಕ, ತಕ್ಕಡಿ ಇಲ್ಲದೆ ಕೈ ಹಾಕಬೇಡಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಗಟ್ಟಿ ಕ್ವಾಟ್ ಕಣ್ಣಿಗೆ ಬಿದ್ದರೆ ಕೆಟ್ಟದು.

ಎಸ್ಟರ್‌ಕ್ವಾಟ್ ಇರುವ ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಇಟ್ಟು 60 ಡಿಗ್ರಿಗೆ ಕರಗಿಸಿ. ನೇರ ಗ್ಯಾಸ್ ಒಲೆಯ ಮೇಲೆ ಬೇಡವೇ ಬೇಡ, ಅದರೊಳಗೆ ಹೊತ್ತಿಕೊಳ್ಳುವ ಆಲ್ಕೋಹಾಲ್ ಇದೆ. ಪಕ್ಕದಲ್ಲೂ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ. ಇನ್ನೊಂದು ಕಡೆ ನೀರನ್ನು ಮೊದಲೇ ಕಾಯಿಸಿ 60ರಿಂದ 65 ಡಿಗ್ರಿಗೆ ತಂದು, ಒಲೆ ಆರಿಸಿ, ಸಿಟ್ರಿಕ್ ಆಮ್ಲ ಸ್ವಲ್ಪ ಸ್ವಲ್ಪವೇ ಹಾಕಿ ಪಿಎಚ್ 3ಕ್ಕೆ ಇಳಿಸಿ.

ಈ 60 ಡಿಗ್ರಿಯ ಹಟ ಏಕೆಂದರೆ, ತಣ್ಣಗಿದ್ದಾಗ ಕೊಬ್ಬಿನ ಸರಪಳಿಗಳು ನೆಟ್ಟಗೆ ಬಿಗಿದುಕೊಂಡಿರುತ್ತವೆ. ಒಂದು ಮಟ್ಟ ದಾಟಿ ಬಿಸಿಯಾದರೆ ಮಾತ್ರ ಸಡಿಲವಾಗಿ, ನೀರಿನಲ್ಲಿ ಎರಡು ಪದರದ ಪೊರೆಗಳಾಗಿ, ಆ ಪೊರೆಗಳು ಸುತ್ತಿಕೊಂಡು ಒಳಗೆ ನೀರು ತುಂಬಿದ ಅತಿ ಸೂಕ್ಷ್ಮ ಚೀಲಗಳಾಗುತ್ತವೆ. ಸಾಫ್ಟನರ್ ಎಂದರೆ ಕ್ವಾಟ್ ನೀರಿನಲ್ಲಿ ಕರಗಿದ ದ್ರಾವಣವಲ್ಲ, ಇಂಥ ಲೆಕ್ಕವಿಲ್ಲದ ಚೀಲಗಳು ತೇಲುತ್ತಿರುವ ನೀರು. ಅವು ಬೆಳಕನ್ನು ಚೆದುರಿಸುವುದರಿಂದಲೇ ಅದರ ಬಣ್ಣ ಹಾಲಿನದು. 45 ಡಿಗ್ರಿಯ ನೀರಿಗೆ ಸುರಿದು ನೋಡಿ, ಚೀಲಗಳ ಬದಲು ಮೇಣದ ಕಾಳುಗಳು ಸಿಗುತ್ತವೆ. ಎಷ್ಟು ಕಲಕಿದರೂ ಅವು ಹೋಗುವುದಿಲ್ಲ, ಬಟ್ಟೆಯ ಮೇಲೆ ಎಣ್ಣೆಕಲೆಯಾಗಿ ಬರುತ್ತವೆ.

ಈಗ ಕರಗಿದ ಎಸ್ಟರ್‌ಕ್ವಾಟನ್ನು ಬಿಸಿನೀರಿಗೆ ಸಣ್ಣ ಧಾರೆಯಾಗಿ ಸುರಿಯುತ್ತಾ ಕಲಕಬೇಕು. ಧಾರೆ ಹತ್ತು ಹದಿನೈದು ನಿಮಿಷ ಎಳೆಯಲಿ. ಅಡುಗೆಮನೆಯ ಮಿಕ್ಸಿಗೆ ಹಾಕಬೇಡಿ. ಅಷ್ಟು ವೇಗಕ್ಕೆ ಗಾಳಿ ಸೇರಿ ಉಬ್ಬುತ್ತದೆ, ಹದವೂ ಕೆಡುತ್ತದೆ. ನೀರನ್ನು ಮೇಲಿಂದ ಕೆಳಗೆ ತಿರುಗಿಸುವಷ್ಟು ಕಲಕಿದರೆ ಸಾಕು. ಅರ್ಧ ಸುರಿಯುವ ಹೊತ್ತಿಗೆ ಪಾತ್ರೆಯೊಳಗಿನದು ದಪ್ಪಗಾಗಿ ರಾಗಿ ಅಂಬಲಿಯ ಹದಕ್ಕೆ ಬರುತ್ತದೆ, ಕೈ ಭಾರವಾಗುತ್ತದೆ. ಮೊದಲ ಸಲ ಮಾಡುವವರು ಇಲ್ಲಿ ಹೆದರಿ ಇನ್ನಷ್ಟು ನೀರು ಸುರಿಯುತ್ತಾರೆ. ಬೇಡ. ಕ್ಯಾಲ್ಸಿಯಂ ಕ್ಲೋರೈಡನ್ನು 50 ಮಿಲಿ ನೀರಿನಲ್ಲಿ ಕರಗಿಸಿ ಇಟ್ಟುಕೊಂಡಿರಿ. ಎಲ್ಲ ಸುರಿದು ಮುಗಿದ ಮೇಲೆ ಅದರಲ್ಲಿ ಅರ್ಧವನ್ನು ಹನಿಹನಿಯಾಗಿ ಸೇರಿಸಿ. ಕಣ್ಣೆದುರೇ ತೆಳುವಾಗುತ್ತದೆ. ಹೊರಗಿನ ನೀರಿನಲ್ಲಿ ಉಪ್ಪು ಹೆಚ್ಚಿದಾಗ ಚೀಲಗಳೊಳಗಿನ ನೀರು ಹೊರಗೆ ಬಂದು ಚೀಲಗಳು ಕುಗ್ಗುತ್ತವೆ, ಒಂದಕ್ಕೊಂದು ಒತ್ತಿಕೊಂಡಿದ್ದವು ಸಡಿಲವಾಗುತ್ತವೆ. ಉಪ್ಪಿನ ನೀರನ್ನು ಒಮ್ಮೆಗೇ ಸುರಿದರೆ ಮಾತ್ರ ಒಡೆದುಹೋಗುವ ಅಪಾಯವಿದೆ.

ಕಲಕುತ್ತಲೇ ತಣಿಸಿ. 40 ಡಿಗ್ರಿಗೆ ಇಳಿದ ಮೇಲೆ ಸುಗಂಧ, ಸಂರಕ್ಷಕ. ಬಿಸಿಯಲ್ಲಿ ಹಾಕಿದ ಸುಗಂಧ ನಿಮ್ಮ ಕೋಣೆಯನ್ನು ಘಮಗುಡಿಸುತ್ತದೆ, ಬಟ್ಟೆಗೆ ಉಳಿಯುವುದಿಲ್ಲ. ಸುಗಂಧದ ಅಂಗಡಿಯವರಿಗೆ ಪಿಎಚ್ 3ರ ಸರಕಿಗೆ ಎಂದು ಹೇಳಿಯೇ ಕೊಳ್ಳಿ. ನಮ್ಮಲ್ಲಿ ಮಲ್ಲಿಗೆ ಕೇಳುವವರು ಬಹಳ. ಆದರೆ ಮಲ್ಲಿಗೆಯ ಪರಿಮಳದಲ್ಲಿರುವ ಇಂಡೋಲ್, ವೆನಿಲಾದಲ್ಲಿರುವ ವೆನಿಲಿನ್ ಎರಡೂ ದಿನ ಕಳೆದಂತೆ ಕಂದು ತಿರುಗುವ ಪೈಕಿ. ಬಿಳಿ ಸಾಫ್ಟನರ್ ಚಹಾದ ಬಣ್ಣಕ್ಕೆ ಬಂದರೆ ಅದನ್ನು ಯಾರೂ ಕೊಳ್ಳುವುದಿಲ್ಲ. 30 ಡಿಗ್ರಿಗೆ ಬಂದಾಗ ಉಳಿದ ಉಪ್ಪಿನ ನೀರಿನಿಂದ ಹದ ಸರಿಮಾಡಿ, ಪಿಎಚ್ ಮತ್ತೆ ನೋಡಿ. 2.5ರಿಂದ 3.5ರೊಳಗೆ ಇರಬೇಕು. ಕೊನೆಗೆ ನೀರು ಸೇರಿಸಿ ತೂಕವನ್ನು ಹತ್ತು ಕಿಲೋಗೆ ತನ್ನಿ.

ಮೇಲೆ ಹೇಳಿದ ತಲೆನೋವು ಇದೇ. ಎಸ್ಟರ್ ಕೊಂಡಿ ನೀರಿನಲ್ಲಿ ನಿಧಾನವಾಗಿ ಮುರಿಯುತ್ತಲೇ ಇರುತ್ತದೆ, ಪಿಎಚ್ 3ರ ಸುತ್ತ ಅದರ ವೇಗ ಅತಿ ಕಡಿಮೆ. ಪಿಎಚ್ 6ಕ್ಕೆ ಬಿಟ್ಟರೆ, ಅಥವಾ ಗಡಸು ಬೋರ್‌ವೆಲ್ ನೀರು ಬಳಸಿ ಅದರ ಬೈಕಾರ್ಬೊನೇಟ್ ಆಮ್ಲವನ್ನೆಲ್ಲ ತಿಂದುಹಾಕಿದರೆ, ಕೆಲವು ವಾರಗಳಲ್ಲಿ ಸರಕು ಒಡೆಯುತ್ತದೆ: ಬಿಡುಗಡೆಯಾದ ಕೊಬ್ಬಿನಾಮ್ಲ ಅದನ್ನು ಮುದ್ದೆಗಟ್ಟಿಸುತ್ತದೆ, ವಾಸನೆಯೂ ಬದಲಾಗುತ್ತದೆ. ಹಾಗಾಗಿ ಆರ್‌ಒ ನೀರು ಎಂಬುದು ಇಲ್ಲಿ ಶೋಕಿಯಲ್ಲ. ಪ್ರತಿ ತಯಾರಿಯ ಒಂದು ಬಾಟಲಿಯನ್ನು ನಾವು 40 ಡಿಗ್ರಿಯ ಪೆಟ್ಟಿಗೆಯಲ್ಲಿ ಇಟ್ಟು ವಾರವಾರ ನೋಡುತ್ತೇವೆ. ಮನೆಯವರು ಅಟ್ಟದ ಮೇಲಿನ ಬಿಸಿಯಲ್ಲಿ ಒಂದು ಬಾಟಲಿ ಇಟ್ಟು ನೋಡಬಹುದು.

ಇದೆಲ್ಲ ಒಂದೇ ಮನೆಗೆ ಲಾಭವೇ? ಇಲ್ಲ. ನಾಲ್ಕೈದು ಮನೆ ಸೇರಿ ಮಾಡಿಕೊಂಡರೆ, ಅಥವಾ ಸ್ವಸಹಾಯ ಸಂಘದವರು ಮಾರಾಟಕ್ಕೆ ಮಾಡಿದರೆ ಲೆಕ್ಕ ಕೂಡುತ್ತದೆ. ಮಾರುವುದಾದರೆ ಒಂದು ಮಾತು: ಗ್ರಾಹಕರು ದಪ್ಪ ನೋಡಿ ಸತ್ವ ಅಳೆಯುತ್ತಾರೆ, ಮಾರುಕಟ್ಟೆಗೂ ಅದು ಗೊತ್ತು. ದಪ್ಪವನ್ನು ಉಪ್ಪು ಮತ್ತು ಅಂಟುಗಳಿಂದ ಹೇಗೆ ಬೇಕಾದರೂ ಮಾಡಬಹುದು, ಸತ್ವಕ್ಕೂ ಅದಕ್ಕೂ ನೆಂಟಸ್ತಿಕೆ ಕಡಿಮೆ. ಯಾವುದೇ ಸಾಫ್ಟನರ್‌ನ 10 ಗ್ರಾಂ ಅನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ಕುದಿಯುವ ನೀರಿನ ಪಾತ್ರೆಯ ಮೇಲೆ ಪೂರ್ತಿ ಒಣಗುವವರೆಗೆ ಇಟ್ಟು, ಉಳಿದ ಜಿಡ್ಡನ್ನು ತೂಗಿ. ಅರ್ಧ ಗ್ರಾಮಿನ ಹತ್ತಿರ ಉಳಿದರೆ ಮರ್ಯಾದಸ್ಥ ಸರಕು. ದಪ್ಪಗಿದ್ದೂ ಏನೂ ಉಳಿಯದಿದ್ದರೆ ನೀವು ಸುಗಂಧದ ನೀರು ಕೊಂಡಿದ್ದೀರಿ.

ಎಷ್ಟು, ಯಾವಾಗ

ಒಣ ಬಟ್ಟೆಯ ತೂಕದ ಸಾವಿರದಲ್ಲಿ ಒಂದು ಭಾಗ ಕ್ವಾಟ್ ಕೂತರೆ ಸಾಕು. 5 ಕಿಲೋ ಬಟ್ಟೆಗೆ 5 ಗ್ರಾಂ ಸತ್ವ, ಅಂದರೆ ಮೇಲೆ ಮಾಡಿದ ಸಾಫ್ಟನರ್ 100 ಮಿಲಿ. ಅಂಗಡಿಯ ಗಾಢ ದರ್ಜೆಯದಾದರೆ ಅದರ ಮುಚ್ಚಳದ ಅಳತೆಯಂತೆ ಇನ್ನೂ ಕಡಿಮೆ. ಬಕೆಟ್ಟಿನಲ್ಲಿ ಒಗೆಯುವವರು ಕೊನೆಯ ಜಾಲಿಕೆಯ ನೀರಿಗೆ, ಕಿಲೋ ಬಟ್ಟೆಗೆ 20 ಮಿಲಿ ಹಾಕಿ ಕಲಕಿ, ಆಮೇಲೆ ಬಟ್ಟೆ ಮುಳುಗಿಸಿ ಐದು ಹತ್ತು ನಿಮಿಷ ಬಿಟ್ಟು ಹಿಂಡಿದರಾಯಿತು. ಮತ್ತೆ ಜಾಲಿಸಬೇಡಿ. ಬಟ್ಟೆಯ ಮೇಲೆ ನೇರ ಸುರಿಯಲೂಬೇಡಿ, ಜಿಡ್ಡಿನ ಮಚ್ಚೆ ಬೀಳುತ್ತದೆ. ಬಿದ್ದರೆ ಗಾಬರಿ ಬೇಡ. ಒದ್ದೆ ಮಾಡಿ ಬಾರ್ ಸೋಪು ತಿಕ್ಕಿ ಒಗೆದರೆ ಋಣ ಧನದ ಅದೇ ವೈರತ್ವ ನಿಮ್ಮ ಕೆಲಸಕ್ಕೆ ಬರುತ್ತದೆ. ಎರಡರಷ್ಟು ಹಾಕಿದರೆ ಎರಡರಷ್ಟು ಮೆದುವಾಗುವುದಿಲ್ಲ, ಬಟ್ಟೆ ಜಿಡ್ಡಾಗುತ್ತದೆ, ಮುಂದಿನ ಕೊಳೆಯನ್ನು ಬೇಗ ಹಿಡಿಯುತ್ತದೆ.

ಯಾವುದಕ್ಕೆ ಬೇಡ

ಟವೆಲ್‌ಗೆ ಪ್ರತಿ ಒಗೆತಕ್ಕೂ ಬೇಡ. ಒಂದು ಹೋಟೆಲಿನವರು ಅತಿಥಿಗಳ ದೂರು ಹೊತ್ತು ಬಂದರು: ಟವೆಲ್ ನೋಡಲು ಹೊಸದು, ಮೈ ಮಾತ್ರ ಒರೆಸುವುದಿಲ್ಲ. ಟವೆಲಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಗುಂಡಗೆ ಕೂತು, ಕೆಲವು ಕ್ಷಣ ಯೋಚಿಸಿ, ಆಮೇಲೆ ಒಳಗಿಳಿಯುತ್ತಿತ್ತು. ಅವರ ಲಾಂಡ್ರಿಯವರು ಹೇಳಿದ ಅಳತೆಯ ಮೂರರಷ್ಟು ಸುರಿಯುತ್ತಿದ್ದರು. ನಾಲ್ಕು ಒಗೆತಕ್ಕೆ ಒಮ್ಮೆ, ಅರ್ಧ ಅಳತೆ ಎಂದು ಬರೆದು ಗೋಡೆಗೆ ಅಂಟಿಸಿದ ಮೇಲೆ ಸರಿಹೋಯಿತು. ಒರೆಸುವ ಮೈಕ್ರೋಫೈಬರ್ ಬಟ್ಟೆಗೆ, ಬೆವರು ಹೀರುವ ಆಟದ ಜೆರ್ಸಿಗೆ, ಬಟ್ಟೆಯ ಡೈಪರಿಗೆ ಎಂದಿಗೂ ಬೇಡ. ಮಳೆಕೋಟಿಗೂ ಬೇಡ. ಬೆಂಕಿ ತಡೆಯುವ ಸಮವಸ್ತ್ರ ತೊಡುವವರಿಗೆ, ಹಾಗೆಯೇ ಬೆಂಕಿ ತಡೆಯುತ್ತದೆ ಎಂಬ ಚೀಟಿ ಇರುವ ಮಕ್ಕಳ ರಾತ್ರಿ ಉಡುಪಿಗೆ ಖಂಡಿತ ಬೇಡ. ಮೇಲೆ ಕೂತ ಕೊಬ್ಬು ಆ ಗುಣವನ್ನು ತಗ್ಗಿಸುತ್ತದೆ. ಎಳೆಗೂಸಿನ ಬಟ್ಟೆಗೆ, ಚರ್ಮದ ಅಲರ್ಜಿ ಇರುವವರ ಬಟ್ಟೆಗೆ ಸುಗಂಧವಿಲ್ಲದ್ದು ಸಿಕ್ಕರೆ ಮಾತ್ರ. ತೊಂದರೆ ಕೊಡುವುದು ಹೆಚ್ಚಾಗಿ ಸುಗಂಧ ಮತ್ತು ಸಂರಕ್ಷಕಗಳು, ಕ್ವಾಟ್ ಅಲ್ಲ.

ಗಂಜಿ ಹಾಕುವ ಹತ್ತಿ ಸೀರೆಗೆ, ಖಾದಿ ಅಂಗಿಗೆ ಸಾಫ್ಟನರ್ ಹಾಕುವುದು ಅರ್ಥವಿಲ್ಲದ ಕೆಲಸ. ಗಂಜಿ ಎಳೆಗಳನ್ನು ಅಂಟಿಸಿ ನಿಲ್ಲಿಸುತ್ತದೆ, ಸಾಫ್ಟನರ್ ಜಾರಿಸುತ್ತದೆ. ಎರಡನ್ನೂ ಹಾಕುವವರಿದ್ದಾರೆ, ನಾನು ನೋಡಿದ್ದೇನೆ.

ವಿನೆಗರ್ ಸಾಫ್ಟನರ್ ಆಗಿ ಕೆಲಸ ಮಾಡುತ್ತದೆಯೇ? ಅರ್ಧ. ಅದು ಬಟ್ಟೆಯಲ್ಲಿ ಉಳಿದ ಸೋಡಾ ಮತ್ತು ಸುಣ್ಣವನ್ನು ಕರಗಿಸುತ್ತದೆ, ಆದ್ದರಿಂದ ಬೋರ್‌ವೆಲ್ ನೀರಿನವರಿಗೆ ವ್ಯತ್ಯಾಸ ಕಾಣುತ್ತದೆ. ಲೇಪ ಕೂರಿಸುವುದಿಲ್ಲವಾದ್ದರಿಂದ ಟವೆಲಿಗೆ ಸಾಫ್ಟನರ್‌ಗಿಂತ ಅದೇ ಮೇಲು. ಆದರೆ ಬ್ಲೀಚಿಂಗ್ ಪುಡಿ ಅಥವಾ ಕ್ಲೋರಿನ್ ಬ್ಲೀಚ್ ಹಾಕಿದ ನೀರಿಗೆ ವಿನೆಗರ್ ತಾಗಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬಚ್ಚಲುಮನೆಯಂಥ ಮುಚ್ಚಿದ ಜಾಗದಲ್ಲಿ ಅದು ಆಟವಲ್ಲ.

ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರು ಡ್ರೈಯರ್ ಶೀಟ್ ಬಗ್ಗೆ ಕೇಳುತ್ತಾರೆ. ಅದು ಇದೇ ಜಾತಿಯ ಕೊಬ್ಬಿನ ವಸ್ತುವನ್ನು ಬಳಿದ ಪಾಲಿಯೆಸ್ಟರ್ ಹಾಳೆ. ಡ್ರೈಯರಿನ ಬಿಸಿಗೆ ಕರಗಿ ಬಟ್ಟೆಗೆ ಅಂಟುತ್ತದೆ. ಜುಂಗು ಹಿಡಿಯುವ ಜಾಲರಿಗೂ ಅಂಟುತ್ತದೆ. ಆಗಾಗ ಜಾಲರಿಯನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ, ನೀರು ಮೇಲೆಯೇ ನಿಂತರೆ ಸೋಪು ಹಾಕಿ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ.

ಸ್ವಯಂಚಾಲಿತ ಯಂತ್ರವಿದ್ದವರಿಗೆ ಕೊನೆಯದೊಂದು ಕೆಲಸ. ಎದುರಿನಿಂದ ಬಟ್ಟೆ ತುಂಬುವ ಯಂತ್ರದ ಡಬ್ಬಿಯಲ್ಲಿ ಹೂವಿನ ಗುರುತಿರುವ ಖಾನೆ ಸಾಫ್ಟನರ್‌ನದು. ಅದರ ನಡುವೆ ಒಂದು ಕೊಳವೆ, ಕೊಳವೆಯ ಮೇಲೆ ಟೋಪಿ. ಕೊನೆಯ ಜಾಲಿಕೆಯಲ್ಲಿ ಯಂತ್ರ ಆ ಖಾನೆಗೆ ನೀರು ಬಿಟ್ಟು, ಮಟ್ಟ ಕೊಳವೆಯ ತುದಿ ದಾಟಿದಾಗ, ಸೈಫನ್ ಹಿಡಿದು ಎಲ್ಲವೂ ಒಟ್ಟಿಗೆ ಇಳಿಯುತ್ತದೆ. ಮ್ಯಾಕ್ಸ್ ಗೆರೆಯ ಮೇಲೆ ತುಂಬಿದರೆ ಸೈಫನ್ ಆಗಲೇ ಹಿಡಿದು, ಸಾಫ್ಟನರ್ ಪುಡಿಯ ನೀರಿಗೇ ಸೇರಿ ಲೋಟದಲ್ಲಿ ಕಂಡ ಕಥೆ ನಡೆಯುತ್ತದೆ. ದಪ್ಪ ಸಾಫ್ಟನರ್ ಆದರೆ ಸಮಪಾಲು ಬೆಚ್ಚನೆಯ ನೀರು ಬೆರೆಸಿ ಹಾಕಿ. ಒಗೆತ ಮುಗಿದ ಮೇಲೂ ಖಾನೆಯಲ್ಲಿ ನೀರು ನಿಂತಿದ್ದರೆ ಟೋಪಿಯೊಳಗೆ ಜಿಡ್ಡು ಕಟ್ಟಿದೆ ಎಂದರ್ಥ. ಡಬ್ಬಿಯನ್ನು ಪೂರ್ತಿ ಹೊರಗೆಳೆದು, ಟೋಪಿಯನ್ನು ಮೇಲಕ್ಕೆ ಕಿತ್ತು, ಎರಡನ್ನೂ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಳವೆಯ ಒಳಹೊರಗು ತಿಕ್ಕಿ, ಟೋಪಿ ಕಟ್ ಎಂದು ಕೂರುವವರೆಗೆ ಒತ್ತಿ ಹಾಕಿ.